ಹವಳದ ನೀರಿನಲ್ಲಿ ಸಣ್ಣ ಹಾಯಿದೋಣಿ: ಬಯಲುಸೀಮೆಯವರಿಗೊಂದು ಮಾರ್ಗದರ್ಶಿ

ಲಕ್ಷದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಸಣ್ಣ ಹಾಯಿದೋಣಿ ಓಡಿಸಬೇಕು ಅಂತ ಆಸೆ ಇಟ್ಟುಕೊಂಡ ದಾವಣಗೆರೆ, ಚಿತ್ರದುರ್ಗದ ಕಡೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾಯಿ ಕಟ್ಟುವುದು, ಗಾಳಿ ಹಿಡಿಯುವುದು, ದೋಣಿ ತಿರುಗಿಸುವುದು, ಮಗುಚಿದರೆ ಎತ್ತಿ ನಿಲ್ಲಿಸುವುದು ಇಷ್ಟನ್ನು ಎಲ್ಲಾದರೂ ಸರಿಯಾಗಿ ಕಲಿತಿದ್ದೀರಿ ಅಂತ ಅಂದುಕೊಂಡಿದ್ದೇನೆ. ಕಲಿತಿಲ್ಲ ಅಂದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಈಜು ಬರುವುದಿಲ್ಲ ಅಂದರೆ ಅದಕ್ಕೂ ಮೊದಲು ಈಜು ಕಲಿಯಿರಿ.

ಆಳ ಸಮುದ್ರದ ಭಯ ಒಂದು ಥರ, ಹವಳದ ನೀರಿನ ಭಯ ಇನ್ನೊಂದು ಥರ. ಇಲ್ಲಿ ನೀರು ಎಷ್ಟೋ ಕಡೆ ಸೊಂಟದ ಮಟ್ಟಕ್ಕೂ ಇರುವುದಿಲ್ಲ. ಆದರೆ ಹವಳದ ದಿಬ್ಬ ನಮ್ಮ ಕೆರೆಯ ದಂಡೆಯಂತೆ ನಿಧಾನವಾಗಿ ಏರುವುದಿಲ್ಲ, ನೇರವಾಗಿ ಮೇಲೆದ್ದು ನಿಂತಿರುತ್ತದೆ. ಹತ್ತು ಮೀಟರ್ ಆಳವಿದ್ದ ನೀರು ನಾಲ್ಕು ಮಾರು ಮುಂದೆ ಹೋಗುವಷ್ಟರಲ್ಲಿ ಮೊಣಕಾಲಿಗೆ ಇಳಿದಿರಬಹುದು. ಆಳ ಅಳೆಯುವ ಎಕೋ ಸೌಂಡರ್ ದೋಣಿಯ ಅಡಿಯಲ್ಲಿ ಏನಿದೆ ಅಂತ ಹೇಳುತ್ತದೆಯೇ ಹೊರತು ಮುಂದೆ ಏನಿದೆ ಅಂತ ಹೇಳುವುದಿಲ್ಲ. ಜಿಪಿಎಸ್ ನಿಮ್ಮ ಜಾಗವನ್ನು ಕರಾರುವಾಕ್ಕಾಗಿ ತೋರಿಸುತ್ತದೆ ನಿಜ, ಆದರೆ ನಕ್ಷೆ ಹಳೆಯ ಸರ್ವೆಯದ್ದಾದರೆ ಅದರಲ್ಲಿನ ದಿಬ್ಬವೇ ಪಕ್ಕಕ್ಕೆ ಸರಿದಿರಬಹುದು. ಕೊನೆಗೆ ದೋಣಿಯನ್ನು ನಡೆಸುವುದು ಕಣ್ಣು. ಹೊರಡುವ ಹೊತ್ತು, ಹೋಗುವ ದಿಕ್ಕು, ವೇಗ, ಯಾರು ಎಲ್ಲಿ ನಿಲ್ಲಬೇಕು ಎಲ್ಲವನ್ನೂ ಕಣ್ಣಿಗೆ ಚೆನ್ನಾಗಿ ಕಾಣುವ ಹಾಗೆ ಹೊಂದಿಸಿಕೊಳ್ಳಬೇಕು.

ಮೊದಲು ಇಲ್ಲೇ ಮಾಡಬಹುದಾದ ತಯಾರಿ

ಹರಿಹರದ ಸೇತುವೆ ನಿಮಗೆ ಗೊತ್ತೇ ಇದೆ. ಬೇಸಿಗೆ ಹತ್ತಿರ ಬಂದು ತುಂಗಭದ್ರೆಯ ನೀರು ಇಳಿದಾಗ ಅಲ್ಲಿ ಒಂದು ಗಂಟೆ ನಿಂತು ಕೆಳಗೆ ನೋಡಿ. ಹರಿಯುವ ನೀರು ಮುಳುಗಿದ ಕಲ್ಲಿಗೆ ಬಡಿದಾಗ ಎರಡು ಕಡೆಗೆ ಸೀಳಿಕೊಳ್ಳುತ್ತದೆ. ಆ ಸೀಳಿನ ಚೂಪು ತುದಿ ನೀರು ಬರುವ ಕಡೆಗಿದ್ದರೆ ತುದಿಯಲ್ಲೇ ಕಲ್ಲಿದೆ ಅಂತ ಅರ್ಥ. ಎರಡು ಕಲ್ಲುಗಳ ನಡುವೆ ನುಣುಪಾದ ನೀರಿನ ನಾಲಿಗೆ ಚಾಚಿ, ಚೂಪು ತುದಿ ನೀರು ಹೋಗುವ ಕಡೆಗಿದ್ದರೆ ಅದು ದಾರಿ. ಹರಿಗೋಲು ಹಾಕುವವರು ಇದನ್ನು ಯೋಚನೆ ಮಾಡಿ ನೋಡುವುದಿಲ್ಲ, ಅವರ ಕಣ್ಣಿಗೆ ತಾನಾಗೇ ಕಾಣುತ್ತದೆ. ಹವಳದ ದಿಬ್ಬದ ಬಾಯಿಯಲ್ಲಿ, ಅಂದರೆ ಲಗೂನಿನಿಂದ ಹೊರಗಿನ ಸಮುದ್ರಕ್ಕೆ ಇರುವ ಕಿರುದಾರಿಯಲ್ಲಿ, ಹರಿವು ಜೋರಾಗಿದ್ದಾಗ ಇದೇ ಗುರುತುಗಳು ಕಾಣುತ್ತವೆ. ನೀರಿನ ಮೇಲ್ಮೈ ನೋಡಿ ತಳ ಊಹಿಸುವ ಅಭ್ಯಾಸಕ್ಕೆ ನದಿಗಿಂತ ಒಳ್ಳೆಯ ಶಾಲೆ ನಮ್ಮ ಕಡೆ ಇಲ್ಲ.

ದೋಣಿಯ ಕೈಚಳಕಕ್ಕೆ ದೊಡ್ಡ ನೀರು ಬೇಕು. ನಮ್ಮಲ್ಲಿ ಚನ್ನಗಿರಿ ಹತ್ತಿರದ ಸೂಳೆಕೆರೆ ಇದೆ, ಹಿರಿಯೂರು ಹತ್ತಿರ ವೇದಾವತಿಗೆ ಕಟ್ಟಿದ ಮಾರಿಕಣಿವೆ ಇದೆ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಇಷ್ಟು ಏರುಪೇರಾಗುವ ಕಡೆ, ಹೋದ ವರ್ಷ ಆಳವಿದ್ದ ಜಾಗ ಈ ವರ್ಷ ತಳ ತಗುಲುವ ಜಾಗವಾಗಿರುತ್ತದೆ. ದೋಣಿ ಇಳಿಸುವ ಮೊದಲು ಅನುಮತಿ ಕೇಳಿ, ಮೀನು ಹಿಡಿಯುವವರ ಬಲೆ ಎಲ್ಲಿದೆ ಅಂತ ವಿಚಾರಿಸಿ. ಕೆರೆಯ ನೀರು ಮಬ್ಬಾಗಿರುವುದರಿಂದ ಬಣ್ಣ ಓದುವುದು ಇಲ್ಲಿ ಬರುವುದಿಲ್ಲ. ಆದರೆ ನಿಲ್ಲಿಸುವುದು ಬರುತ್ತದೆ. ಹವಳದ ನೀರಿನಲ್ಲಿ ಓಡಿಸುವುದಕ್ಕಿಂತ ನಿಲ್ಲಿಸುವುದು ದೊಡ್ಡ ವಿದ್ಯೆ.

ಒಂದು ಖಾಲಿ ಕ್ಯಾನ್ ತೇಲಿಬಿಟ್ಟು ಅದೇ ಬಂಡೆ ಅಂದುಕೊಳ್ಳಿ. ಗಾಳಿ ಹಿಂದಿನಿಂದ ಬರುವಾಗ ಅದರ ಕಡೆ ಹೋಗಿ. ಜೊತೆಯವರು "ನಿಲ್ಲಿಸು" ಅಂದ ಕೂಡಲೇ ಮೂತಿಯನ್ನು ಗಾಳಿಗೆದುರು ತಿರುಗಿಸಿ, ಹಾಯಿ ಸಡಿಲ ಬಿಟ್ಟು, ದೋಣಿ ಎಷ್ಟು ದೂರದಲ್ಲಿ ನಿಂತಿತು ನೋಡಿ. ಸೆಂಟರ್‌ಬೋರ್ಡ್ (ದೋಣಿಯ ತಳದಿಂದ ನೀರಿಗೆ ಇಳಿಬಿಡುವ ಹಲಗೆ) ಅರ್ಧ ಎತ್ತಿ ಓಡಿಸಿ, ಪೂರ್ತಿ ಎತ್ತಿ ಓಡಿಸಿ. ಆಗ ದೋಣಿ ಪಕ್ಕಕ್ಕೆ ಎಷ್ಟು ಜಾರುತ್ತದೆ ಅನ್ನುವುದು ಮೈಗೆ ಗೊತ್ತಾಗಬೇಕು. ಗುಡ್ಡಗಳ ನಡುವೆ ಗಾಳಿ ಒಂದೇ ಸಮ ಬೀಸುವುದಿಲ್ಲ, ತಟ್ಟನೆ ಬರುತ್ತದೆ, ತಟ್ಟನೆ ಸಾಯುತ್ತದೆ. ಅಂಥ ಗಾಳಿಯಲ್ಲಿ ಹಾಯಿಯನ್ನು ಕ್ಷಣದಲ್ಲಿ ಇಳಿಸಿ, ಹುಟ್ಟು ತೆಗೆದು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದನ್ನು ಸಾಕು ಸಾಕು ಅನ್ನುವವರೆಗೆ ಮಾಡಿ.

ಆಳ ಅಳೆಯುವ ಗುಂಡಿನ ಹಗ್ಗವನ್ನೂ ಇಲ್ಲೇ ಮಾಡಿಕೊಳ್ಳಿ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ಇಳಿಬಿಡುವ ಗುಂಡು ಇದೆಯಲ್ಲ, ಅದು ಸಾಕು. ನೈಲಾನ್ ಹಗ್ಗಕ್ಕೆ ಕಟ್ಟಿ, ಅರ್ಧರ್ಧ ಮೀಟರಿಗೆ ಒಂದು ಗಂಟು ಹಾಕಿ. ಪೂರ್ತಿ ಮೀಟರಿನ ಗಂಟಿಗೆ ಬಟ್ಟೆಚೂರು ಸೇರಿಸಿ, ಕತ್ತು ಬಗ್ಗಿಸಿ ನೋಡದೆ ಬೆರಳಿಗೇ ಲೆಕ್ಕ ಸಿಗುತ್ತದೆ. ಗುಂಡಿನ ತಳಕ್ಕೆ ಚೂರು ಗ್ರೀಸ್ ಮೆತ್ತಿ ಇಳಿಸಿ. ಮರಳು ಅಂಟಿಕೊಂಡು ಬಂದರೆ ತಳ ಮರಳು. ಏನೂ ಅಂಟದೆ ಗ್ರೀಸಿನ ಮೇಲೆ ಗೀರು ಬಿದ್ದಿದ್ದರೆ ಕೆಳಗಿರುವುದು ಕಲ್ಲು ಅಥವಾ ಹವಳ. ಬ್ಯಾಟರಿ ಬೇಡದ ಈ ಉಪಕರಣ ಸಂಜೆ ಲಂಗರು ಹಾಕುವಾಗ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ದಿನ ಆರಿಸುವುದು: ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು

ಜೂನ್‌ನಿಂದ ಸೆಪ್ಟೆಂಬರ್ ಮುಂಗಾರಿನ ಕಾಲ, ಆಗ ಆ ಕಡೆ ತಲೆ ಹಾಕಬೇಡಿ. ಅಕ್ಟೋಬರ್ ಕಳೆದ ಮೇಲೆ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕೇ ಬೇಕು. ಹಡಗು ಕೊಚ್ಚಿಯಿಂದ ಹೊರಡುತ್ತದೆ, ವಿಮಾನ ಅಗತ್ತಿಯಲ್ಲಿ ಇಳಿಯುತ್ತದೆ. ಪರವಾನಗಿಗೆ ಸಮಯ ಹಿಡಿಯುತ್ತದೆ, ಆದ್ದರಿಂದ ರಜೆ ಹಾಕುವ ಮೊದಲೇ ಅದನ್ನು ಶುರು ಮಾಡಿ.

ಇನ್ನು ಉಬ್ಬರ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಿಮೆ. ಪರಿಣಾಮ ಒಂದೆರಡು ದಿನ ತಡವಾಗಿ ಕಾಣಿಸುತ್ತದೆ ಅನ್ನುವುದನ್ನೂ ನೆನಪಿಡಿ. ನಮ್ಮ ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ತಿಥಿ ಇದ್ದೇ ಇರುತ್ತದೆ. ಹೊಸಬರು ಅಷ್ಟಮಿ, ನವಮಿ, ದಶಮಿಯ ದಿನಗಳನ್ನು ಆರಿಸಿಕೊಂಡರೆ ದಿಬ್ಬದ ಬಾಯಿಯಲ್ಲಿ ನೀರಿನ ಎಳೆತ ಕಡಿಮೆ ಇರುತ್ತದೆ. ಗಂಟೆಯ ಲೆಕ್ಕಕ್ಕೆ ಮಾತ್ರ ಸರಿಯಾದ ಉಬ್ಬರದ ಪಟ್ಟಿ ಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪಟ್ಟಿ ಪ್ರಕಟಿಸುತ್ತದೆ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ ಗಾಳಿಯ ಮುನ್ಸೂಚನೆ ಕೊಡುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಹತ್ತಕ್ಕೆ ತುಂಬಿದ ನೀರು ನಾಳೆ ಹನ್ನೊಂದರ ಹತ್ತಿರ ತುಂಬುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೆಯದು ಎರಡು, ಮೂರು ಮತ್ತು ನಾಲ್ಕನೆಯದು ಮೂರು ಮೂರು, ಐದನೆಯದು ಎರಡು, ಕೊನೆಯದು ಒಂದು. ಒಟ್ಟು 120 ಸೆಂಟಿಮೀಟರ್ ಏರುವ ದಿನ ಮೊದಲ ಗಂಟೆಯಲ್ಲಿ ಏರುವುದು 10, ಮೂರನೇ ಗಂಟೆಯಲ್ಲಿ 30. ಇದು ಅಂದಾಜಿನ ಲೆಕ್ಕ, ಪಟ್ಟಿಗೆ ಬದಲಿ ಅಲ್ಲ.

ನನ್ನ ಮಟ್ಟಿಗೆ ಇದರಲ್ಲಿ ರಾಜಿಯೇ ಇಲ್ಲ: ದಿಬ್ಬಗಳ ನಡುವೆ ಹೋಗುವುದಾದರೆ ನೀರು ಏರುತ್ತಿರುವಾಗಲೇ ಹೋಗಬೇಕು. ಏರುವ ನೀರಿನಲ್ಲಿ ತಗುಲಿಕೊಂಡರೆ ಅರ್ಧ ಗಂಟೆಯಲ್ಲಿ ಸಮುದ್ರವೇ ನಿಮ್ಮನ್ನು ಎತ್ತಿ ಬಿಡುತ್ತದೆ. ಇಳಿಯುವ ನೀರಿನಲ್ಲಿ ತಗುಲಿಕೊಂಡರೆ ದೋಣಿ ಹವಳದ ಮೇಲೆ ಕೂತೇ ಬಿಡುತ್ತದೆ. ಮುಂದಿನ ಉಬ್ಬರದವರೆಗೆ ಪ್ರತಿ ಅಲೆಯೂ ಅದನ್ನು ಎತ್ತಿ ಕುಕ್ಕುತ್ತದೆ.

ಸೂರ್ಯ ಬೆನ್ನಿಗಿರಲಿ

ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನೀರಿನ ತಳ ಚೆನ್ನಾಗಿ ಕಾಣುತ್ತದೆ. ಸೂರ್ಯ ಮೇಲಿರಬೇಕು, ಇಲ್ಲವೇ ನಿಮ್ಮ ಬೆನ್ನ ಹಿಂದೆ ಇರಬೇಕು. ಎದುರಿಗೆ ಬಂದನೆಂದರೆ ನೀರೆಲ್ಲ ತಗಡಿನಂತೆ ಹೊಳೆದು ಏನೂ ಕಾಣುವುದಿಲ್ಲ.

ಲಕ್ಷದ್ವೀಪದ ಹವಳದ ಉಂಗುರಗಳಲ್ಲಿ ಒಂದು ಅನುಕೂಲವಿದೆ. ದ್ವೀಪ ಸಾಮಾನ್ಯವಾಗಿ ಉಂಗುರದ ಪೂರ್ವದ ಅಂಚಿನಲ್ಲಿದೆ, ಲಗೂನು ಪಶ್ಚಿಮಕ್ಕಿದೆ. ಅಗತ್ತಿ, ಕವರತ್ತಿ, ಕಲ್ಪೇನಿ ಎಲ್ಲ ಹೀಗೇ. ಬೆಳಗ್ಗೆ ದ್ವೀಪದ ದಡದಿಂದ ಪಡುವಣಕ್ಕೆ ಹೊರಟರೆ ಸೂರ್ಯ ಬೆನ್ನಿಗೆ. ಮಧ್ಯಾಹ್ನ ತಿರುಗಿ ಮೂಡಣಕ್ಕೆ ಬಂದರೆ ಆಗಲೂ ಬೆನ್ನಿಗೆ. ಚಳಿಗಾಲದಲ್ಲಿ ಗಾಳಿ ಬಹುಪಾಲು ಉತ್ತರದ ಕಡೆಯಿಂದ ಬೀಸುವುದರಿಂದ ಹೋಗುವಾಗಲೂ ಬರುವಾಗಲೂ ಗಾಳಿ ಪಕ್ಕದಿಂದ ಸಿಗುತ್ತದೆ. ಸಣ್ಣ ದೋಣಿಗೆ ಅದಕ್ಕಿಂತ ಸುಲಭದ ಗಾಳಿ ಇಲ್ಲ. ಮೂರಕ್ಕೆ ದಡ ಸೇರುವ ಲೆಕ್ಕದಲ್ಲಿ ಹೊರಡಿ. ಇನ್ನೂ ಸ್ವಲ್ಪ ಹೊತ್ತು ಇರೋಣ ಅನ್ನಿಸುವುದು ಸಹಜ, ಆದರೆ ನಾಲ್ಕೂವರೆಯ ಓರೆ ಬಿಸಿಲಿನಲ್ಲಿ ಬಂದ ದಾರಿಯೇ ಗುರುತು ಸಿಗುವುದಿಲ್ಲ.

ಪೋಲರಾಯ್ಡ್ ಕನ್ನಡಕ ಖಂಡಿತ ಬೇಕು. ಸಾಮಾನ್ಯ ಕೂಲಿಂಗ್ ಗ್ಲಾಸ್ ಬೆಳಕನ್ನು ಕಡಿಮೆ ಮಾಡುತ್ತದೆ ಅಷ್ಟೇ, ಪೋಲರಾಯ್ಡ್ ನೀರಿನ ಮೇಲಿನ ಹೊಳಪನ್ನೇ ತೆಗೆಯುತ್ತದೆ. ಹಾಕಿಕೊಂಡು ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿ, ಯಾವುದೋ ಒಂದು ಕೋನದಲ್ಲಿ ತಳ ಇನ್ನಷ್ಟು ಸ್ಪಷ್ಟವಾಗುತ್ತದೆ. ಕುತ್ತಿಗೆಗೆ ದಾರ ಕಟ್ಟಿಕೊಳ್ಳಿ.

ಬಣ್ಣ ಓದುವುದು

ನೀರು ಬೆಳಕಿನ ಕೆಂಪನ್ನು ಮೊದಲು ನುಂಗುತ್ತದೆ, ನೀಲಿಯನ್ನು ಕೊನೆಗೆ. ಹಾಗಾಗಿ ಆಳ ಹೆಚ್ಚಿದಂತೆ ನೀಲಿ ಗಟ್ಟಿಯಾಗುತ್ತದೆ. ಕಡುನೀಲಿ ಇದ್ದರೆ ಸಣ್ಣ ದೋಣಿಗೆ ಚಿಂತೆಯಿಲ್ಲ. ನೀಲಿ ತಿಳಿಯಾಗಿ ಹಸಿರಿಗೆ ತಿರುಗಿತು ಅಂದರೆ ಮರಳಿನ ತಳ ಮೇಲೆ ಬರುತ್ತಿದೆ, ಕೆಲವೇ ಮೀಟರ್ ನೀರಿದೆ. ಹಸಿರು ಮಂಕಾಗಿ ಬಿಳಿಚಿಕೊಂಡರೆ ಸೊಂಟದ ಮಟ್ಟ, ಅದಕ್ಕೂ ಕಡಿಮೆ. ಕಂದು ಅಥವಾ ಹಳದಿ ಮಿಶ್ರಿತ ಕಂದು ಕಂಡರೆ ಅದು ಹವಳ, ಮೇಲ್ಮೈಗೆ ಬಹಳ ಹತ್ತಿರದಲ್ಲಿದೆ. ಅಲ್ಲಿಗೆ ಹೋಗಲೇಬಾರದು.

ಕಷ್ಟ ಇರುವುದು ಕಪ್ಪು ಮಚ್ಚೆಗಳಲ್ಲಿ. ತಿಳಿಹಸಿರಿನ ನಡುವೆ ಒಂದು ಕರಿ ಮಚ್ಚೆ ಕಂಡರೆ ಅದು ಹವಳದ ಗುಡ್ಡೆ ಇರಬಹುದು, ಕಡಲ ಹುಲ್ಲಿನ ಹಾಸು ಇರಬಹುದು, ತಳದ ಗುಂಡಿ ಇರಬಹುದು, ಇಲ್ಲವೇ ಮೋಡದ ನೆರಳು. ಮೋಡದ ನೆರಳು ಗಾಳಿಯ ಜೊತೆ ಸರಿಯುತ್ತದೆ. ಒಂದು ನಿಮಿಷ ದೋಣಿ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ. ಹುಲ್ಲಿನ ಹಾಸಿನ ಅಂಚು ಮಬ್ಬಾಗಿ ಮರಳಿನಲ್ಲಿ ಬೆರೆಯುತ್ತದೆ. ಹವಳದ ಗುಡ್ಡೆಯ ಅಂಚು ಕತ್ತರಿಸಿದಂತೆ ಇರುತ್ತದೆ, ಎಷ್ಟೋ ಸಲ ಅದರ ಸುತ್ತ ಬಿಳಿ ಮರಳಿನ ಬಳೆ ಕಾಣುತ್ತದೆ. ನಡುಭಾಗ ಕಂದಾಗಿದ್ದರೆ ತಲೆ ಮೇಲ್ಮೈ ಹತ್ತಿರವಿದೆ. ಗುರುತು ಸಿಗಲಿಲ್ಲವೇ? ಹವಳ ಅಂತಲೇ ತಿಳಿದು ಸುತ್ತಿ ಹೋಗಿ. ಸುತ್ತಿ ಹೋದರೆ ಐದು ನಿಮಿಷ ಹೋಗುತ್ತದೆ, ಅಷ್ಟೇ ಅಲ್ವಾ.

ಗಾಳಿ ಪೂರ್ತಿ ನಿಂತು ನೀರು ಕನ್ನಡಿಯಾದಾಗ ಚೆನ್ನಾಗಿ ಕಾಣಬಹುದು ಅಂತ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಆಕಾಶವೇ ನೀರಿನಲ್ಲಿ ಬಿದ್ದು ತಳ ಮುಚ್ಚಿಹೋಗುತ್ತದೆ. ಸಣ್ಣ ತೆರೆ ಇದ್ದಾಗಲೇ ಬಣ್ಣಗಳು ಬಿಡಿಸಿ ಕಾಣುತ್ತವೆ. ಮಳೆ ಸುರಿಯುತ್ತಿದ್ದರೆ, ದಟ್ಟ ಮೋಡ ಕವಿದರೆ ಮುಂದೆ ಹೋಗುವುದನ್ನು ನಿಲ್ಲಿಸಿ. ಮರಳಿನ ಮೇಲೆ ಲಂಗರು ಬಿಟ್ಟು ಕಾಯಿರಿ.

ಮೊದಲ ದಿನ ಮರಳಿನ ಲಗೂನಿನ ಮೇಲೆ ಹೋಗುವಾಗ ಬಹಳ ಜನ ಗಾಬರಿಯಾಗುತ್ತಾರೆ. ದೋಣಿಯ ನೆರಳು ಬಿಳಿ ಮರಳಿನ ಮೇಲೆ ಅಚ್ಚೊತ್ತಿದಂತೆ ಕಾಣುತ್ತದೆ, ಹಾಯಿಕಂಬದ ಗೆರೆ, ನಿಮ್ಮ ಟೋಪಿಯ ಅಂಚು ಎಲ್ಲ ಕಾಣುತ್ತದೆ. ಇನ್ನೇನು ತಳ ತಗುಲಿತು ಅನ್ನಿಸುತ್ತದೆ. ಗುಂಡು ಇಳಿಸಿದರೆ ಮೂರು ಮೀಟರ್ ಇರುತ್ತದೆ. ನೇರ ಕೆಳಗೆ ನೋಡಿದಾಗ ನೀರು ಇರುವುದಕ್ಕಿಂತ ಕಾಲು ಭಾಗ ಕಡಿಮೆ ಆಳವಾಗಿ ಕಾಣುವುದು ಬೆಳಕಿನ ಬಾಗುವಿಕೆಯಿಂದ. ಆದ್ದರಿಂದ ಮೊದಲ ದಿನ ಬೇರೇನೂ ಮಾಡದೆ, ಒಂದೊಂದು ಬಣ್ಣದ ಮೇಲೂ ನಿಂತು ಗುಂಡು ಇಳಿಸಿ ಅಳೆಯಿರಿ. ಆ ದಿನದ ಬೆಳಕಿಗೆ, ಆ ಲಗೂನಿಗೆ ಯಾವ ಬಣ್ಣ ಎಷ್ಟು ಆಳ ಅನ್ನುವುದು ನಿಮ್ಮದೇ ಅಳತೆಯಿಂದ ಸಿಗುತ್ತದೆ. ನನಗೆ ಇಡೀ ಪ್ರಯಾಣದಲ್ಲಿ ಅತ್ಯಂತ ಇಷ್ಟದ ಕೆಲಸ ಇದೇ.

ಮುಂದೆ ನಿಂತವರು, ಚುಕ್ಕಾಣಿ ಹಿಡಿದವರು

ಇಬ್ಬರು ಬೇಕು. ಒಬ್ಬರು ಚುಕ್ಕಾಣಿಗೆ, ಇನ್ನೊಬ್ಬರು ಮುಂದೆ ಹಾಯಿಕಂಬ ಹಿಡಿದು ನಿಂತು ನೋಡಲು. ಕಣ್ಣು ಎಷ್ಟು ಎತ್ತರದಲ್ಲಿದ್ದರೆ ಅಷ್ಟು ದೂರದ ತಳ ಕಾಣುತ್ತದೆ. ಕೂತವರಿಗೂ ನಿಂತವರಿಗೂ ಬಹಳ ವ್ಯತ್ಯಾಸ. ಮುಂದಿನ ಸಣ್ಣ ಹಾಯಿ ನೋಟಕ್ಕೆ ಅಡ್ಡ ಬರುತ್ತದೆ, ಅದನ್ನು ಇಳಿಸಿಬಿಡಿ. ದೊಡ್ಡ ಹಾಯಿಯನ್ನೂ ಕಿರಿದು ಮಾಡಿ. ನಡೆದುಕೊಂಡು ಹೋಗುವ ವೇಗ ಸಾಕು.

ಗಾಳಿಯಲ್ಲಿ ಮಾತು ಅರ್ಧ ಕೇಳಿಸುತ್ತದೆ. "ಎಡಕ್ಕಣ್ಣಾ" ಅಂದಿದ್ದು ಹಿಂದಿನವರಿಗೆ "ತಡಿಯಣ್ಣಾ" ಅಂತ ಕೇಳಿಸಿದರೆ ಕೆಲಸ ಕೆಟ್ಟಂತೆ. ಹೊರಡುವ ಮೊದಲೇ ಕೈಸನ್ನೆ ಗೊತ್ತು ಮಾಡಿಕೊಳ್ಳಿ. ಕೈ ಚಾಚುವುದು ಹೋಗಬೇಕಾದ ಕಡೆಗೆ ಮಾತ್ರ, ಬಂಡೆಯ ಕಡೆಗೆ ಯಾವತ್ತೂ ಅಲ್ಲ. "ಅಗೋ ಅಲ್ಲಿ" ಅಂತ ಬಂಡೆ ತೋರಿಸಿದರೆ ಚುಕ್ಕಾಣಿಯವರು ಅಲ್ಲಿಗೇ ತಿರುಗಿಸಿಬಿಡುತ್ತಾರೆ. ಅಂಗೈ ಎತ್ತಿ ಹಿಡಿದರೆ ನಿಲ್ಲಿಸು ಅಂತ. ಆಗ ಯಾಕೆ ಅಂತ ಕೇಳದೆ ನಿಲ್ಲಿಸಬೇಕು, ಮಾತು ಆಮೇಲೆ. ಅಣ್ಣ ತಮ್ಮ, ಗಂಡ ಹೆಂಡತಿ ಹೋಗುವುದಾದರೆ ಇದನ್ನು ದಡದಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಇಬ್ಬರಿಗೂ ಲೈಫ್ ಜಾಕೆಟ್, ಗಟ್ಟಿ ಅಡಿಯ ಶೂ, ಉದ್ದ ತೋಳಿನ ಅಂಗಿ, ನೀರು, ಸೀಟಿ. ಹೋಗುವಾಗ ಜಿಪಿಎಸ್‌ನಲ್ಲಿ ದಾರಿ ದಾಖಲಾಗುತ್ತಿರಲಿ. ಬರುವಾಗ ಬೆಳಕು ಕೈಕೊಟ್ಟರೆ ನೀವೇ ಹೋಗಿದ್ದ ಗೆರೆಯನ್ನು ಹಿಡಿದು ಬರಬಹುದು, ಆದರೆ ಅಷ್ಟರಲ್ಲಿ ನೀರು ಎಷ್ಟು ಇಳಿದಿದೆ ಅನ್ನುವ ಲೆಕ್ಕ ಇರಬೇಕು.

ದಿಬ್ಬದ ಬಾಯಿ

ಲಗೂನಿನಿಂದ ಹೊರಗಿನ ಸಮುದ್ರಕ್ಕೆ ಇರುವ ಕಿರುದಾರಿಯನ್ನು ಹೊಸಬರು ದಾಟಬೇಕಿಲ್ಲ. ದಾಟಲೇಬೇಕಿದ್ದರೆ ಸ್ಥಳೀಯ ಮೀನುಗಾರರೊಬ್ಬರನ್ನು ದೋಣಿಯಲ್ಲಿ ಕೂರಿಸಿಕೊಳ್ಳಿ. ಹೊರಗಿನ ಅಲೆ ದಿಬ್ಬದ ಮೇಲೆ ಮುರಿದು ಲಗೂನಿಗೆ ನೀರು ಸುರಿಯುತ್ತಲೇ ಇರುತ್ತದೆ, ಆ ನೀರೆಲ್ಲ ಹೊರಗೆ ಹೋಗುವುದು ಈ ಬಾಯಿಯಿಂದ. ಆದ್ದರಿಂದ ಪಟ್ಟಿಯ ಪ್ರಕಾರ ಉಬ್ಬರ ಇದ್ದರೂ ಬಾಯಿಯಲ್ಲಿ ಹರಿವು ಹೊರಮುಖವಾಗಿರಬಹುದು. ಹರಿವಿಗೆ ಎದುರಾಗಿ ಗಾಳಿ ಬೀಸಿದರೆ ಅಲೆ ಕಡಿದಾಗಿ ಏಳುತ್ತದೆ. ದೂರದಲ್ಲಿ ನಿಂತು ಹತ್ತಾರು ಅಲೆ ನೋಡಿ. ಎರಡೂ ಬದಿಯಲ್ಲಿ ನೊರೆ ಒಡೆಯುತ್ತಿದ್ದು ನಡುವೆ ಒಮ್ಮೆಯೂ ಒಡೆಯದಿದ್ದರೆ ದಾರಿ ಅಲ್ಲಿದೆ. ನಡುವೆ ಒಂದೇ ಒಂದು ಸಲ ಒಡೆದರೂ ವಾಪಸ್ ಬನ್ನಿ.

ತಗುಲಿಕೊಂಡರೆ

ಮೊದಲು ಹಾಯಿ ಸಡಿಲ ಬಿಡಿ. ಗಾಳಿ ದೋಣಿಯನ್ನು ಇನ್ನೂ ಮೇಲೆ ತಳ್ಳಬಾರದು. ಕೂಡಲೇ ಸೆಂಟರ್‌ಬೋರ್ಡ್ ಮತ್ತು ಚುಕ್ಕಾಣಿಯ ಹಲಗೆ ಎತ್ತಿ. ಎಷ್ಟೋ ಸಲ ತಗುಲಿರುವುದು ಬೋರ್ಡ್ ಮಾತ್ರ, ಎತ್ತಿದ ತಕ್ಷಣ ದೋಣಿ ತೇಲುತ್ತದೆ. ಮುಂದೆ ದಾಟಿಬಿಡೋಣ ಅನ್ನುವ ಆಸೆ ಬೇಡ, ಬಂದ ದಾರಿಯಲ್ಲಿ ನೀರಿದೆ ಅಂತ ಗೊತ್ತಿದೆ, ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಿ. ಹುಟ್ಟಿನಿಂದ ಹಿಂದಕ್ಕೆ ನೂಕಿ. ಆಗಲಿಲ್ಲವೆಂದರೆ, ತಳ ಮರಳಾಗಿದ್ದರೆ ಇಳಿದು ನೂಕಿ. ಹವಳದ ಮೇಲೆ ಇಳಿಯಬೇಡಿ. ಕಾಲು ಕತ್ತರಿಸುತ್ತದೆ, ಕಲ್ಲಿನಂತೆಯೇ ಕಾಣುವ ವಿಷದ ಕಲ್ಲುಮೀನು ಇರುತ್ತದೆ, ಹವಳವೂ ಸಾಯುತ್ತದೆ.

ಲಂಗರಿಗೂ ಇದೇ ಮಾತು. ಬಿಳಿ ಮರಳಿನ ಮೇಲೆ ಮಾತ್ರ ಹಾಕಿ, ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಿ. ಗಾಳಿ ತಿರುಗಿದಾಗ ದೋಣಿ ಸುತ್ತುವ ವೃತ್ತದಲ್ಲಿ ಹವಳದ ಗುಡ್ಡೆ ಇರಬಾರದು. ಬಂಡೆಯಂಥ ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಒಂದು ಲಂಗರು ಎಳೆದಾಡಿದರೆ ನಮ್ಮ ತಾತ ಮುತ್ತಾತರ ಕಾಲದಿಂದ ಬೆಳೆದಿದ್ದು ಒಂದು ಮಧ್ಯಾಹ್ನದಲ್ಲಿ ಪುಡಿಯಾಗುತ್ತದೆ. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಬಿಳಿಚಿ ಸತ್ತಿದ್ದನ್ನು ಕಂಡಿದೆ. ಉಳಿದಿದ್ದಕ್ಕೆ ನಮ್ಮ ಕೈಯಿಂದ ಏಟು ಬೀಳಬಾರದು. ಮುರಿಯುವುದು, ತುಂಡು ಎತ್ತಿಕೊಂಡು ಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ದಡದಲ್ಲಿ ಬಿದ್ದ ಸತ್ತ ತುಂಡನ್ನೂ ಅಲ್ಲೇ ಬಿಡಿ.

ಗಾಯವಾದರೆ

ಹವಳ ತರಚಿದ ಗಾಯ ನೋಡಲು ಸಣ್ಣದು, ಕಾಟ ದೊಡ್ಡದು. ಪುಡಿ ಚೂರುಗಳು ಒಳಗೆ ಉಳಿದು ಕೀವು ಮಾಡುತ್ತವೆ. ಆ ಕ್ಷಣದಲ್ಲೇ ಕುಡಿಯುವ ನೀರಿನಿಂದ ಧಾರಾಳವಾಗಿ ತೊಳೆಯಿರಿ, ಸೋಪು ಹಾಕಿ ಮೆತ್ತಗಿನ ಬ್ರಷ್‌ನಿಂದ ಉಜ್ಜಿ, ನಂಜುನಿವಾರಕ ಹಚ್ಚಿ. ಕಲ್ಲುಮೀನು ಚುಚ್ಚಿದರೆ ನೋವು ಸಹಿಸಲು ಆಗುವುದಿಲ್ಲ. ಆ ಭಾಗವನ್ನು ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿಯಲ್ಲಿ, ಮುಳುಗಿಸಿಟ್ಟು ಆಸ್ಪತ್ರೆಗೆ ಹೊರಡಿ. ಹೊರಡುವ ಮೊದಲೇ ಧನುರ್ವಾಯು ಚುಚ್ಚುಮದ್ದು ಆಗಿದೆಯಾ ನೋಡಿಕೊಳ್ಳಿ. ಊರಿಗೆ ಬಂದ ಮೇಲೆ ಗಾಯ ಕೆಂಪಾಗಿ ಊದಿದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಕಲ್ಲು ತರಚಿತು ಅನ್ನಬೇಡಿ, ಸಮುದ್ರದ ನೀರಿನಲ್ಲಿ ಹವಳ ಕೊಯ್ದಿದ್ದು ಅಂತ ಬಿಡಿಸಿ ಹೇಳಿ. ದಾವಣಗೆರೆಯಲ್ಲಿ ಅದು ದಿನಾ ಬರುವ ಗಾಯ ಅಲ್ಲ, ಕೊಡುವ ಔಷಧಿಯೂ ಬೇರೆ ಇರಬಹುದು.